ಕಿಟೆಲ್ ನಡೆದ ದಾರಿ, ಬಾಸೆಲ್ ಹಾಕಿದ ಕಟ್ಟಳೆ

ಕಿಟೆಲ್ ಅಂದ ತಕ್ಷಣ ನಮಗೆ ನೆನಪಾಗೋದು ನಿಘಂಟು. ಬೆಂಗಳೂರಿನಲ್ಲಿ ಒಂದು ಪ್ರತಿಮೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು, ರಾಜ್ಯೋತ್ಸವದ ಭಾಷಣದಲ್ಲಿ ಒಂದು ಸಾಲು. ಜರ್ಮನಿಯಿಂದ ಬಂದ ಪಾದ್ರಿ ಕನ್ನಡಕ್ಕೆ ಇಷ್ಟು ದುಡಿದ ಅಂತ ಕೊಂಡಾಡಿ ಮುಂದೆ ಹೋಗ್ತೀವಿ. ಆದರೆ ಆ ಮನುಷ್ಯ ಈ ನಾಡಿಗೆ ಬಂದದ್ದು ನಿಘಂಟು ಬರೆಯೋದಕ್ಕಲ್ಲ. ಬಂದ ಕೆಲಸದಲ್ಲಿ ಅವರು ಸೋತರು ಅಂತಲೇ ಅವರ ಸುತ್ತಲಿನ ಪಾದ್ರಿಗಳಲ್ಲಿ ಹಲವರು ತಿಳಿದಿದ್ದರು. ಅವರ ಮೇಲೆ ಹೊರಿಸಿದ ತಪ್ಪುಗಳಲ್ಲಿ ಒಂದು, ಜನರ ಹತ್ತಿರ ತೀರಾ ಹೋದರು ಅನ್ನೋದು.

ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆತನ. ಹೊಲ ಬಬಲೇಶ್ವರದಲ್ಲಿ, ಚರ್ಚು ವಿಜಯಪುರದಲ್ಲಿ. ಅದಕ್ಕೇ ಕಿಟೆಲರ ಬದುಕಿನ ಈ ಭಾಗ ನನ್ನನ್ನು ನಿಘಂಟಿಗಿಂತ ಹೆಚ್ಚು ಕಾಡುತ್ತೆ. ಚರ್ಚಿನೊಳಗೆ ಒಬ್ಬ ನಂಬಿಗಸ್ತನಿಗೆ ಎಷ್ಟು ಸ್ವಾತಂತ್ರ್ಯ ಇರಬೇಕು, ಮೇಲಿನವರ ಹಿಡಿತ ಎಲ್ಲಿಗೆ ನಿಲ್ಲಬೇಕು ಅನ್ನೋ ಜಗಳ ಇವತ್ತಿಂದಲ್ಲ. ಅದು ಮಿಷನ್ನಿನ ಜೊತೆಗೇ ಹಡಗು ಹತ್ತಿ ಬಂದದ್ದು.

ಫೆರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ಉತ್ತರದ ಕಡಲಂಚಿನ ರೆಸ್ಟರ್‌ಹಾಫೆ ಎಂಬ ಊರಲ್ಲಿ. ತಂದೆ ಪಾದ್ರಿ. ಹುಡುಗ ಓದಿನಲ್ಲಿ ಚುರುಕು, ಹೀಬ್ರೂ, ಗ್ರೀಕ್, ಲ್ಯಾಟಿನ್ ಎಲ್ಲ ಕಲಿತವನು. 1850ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರಕ್ಕೆ ಹೋಗಿ ಅಲ್ಲಿನ ಮಿಷನ್ ಶಾಲೆ ಸೇರಿದರು.

ಈ ಬಾಸೆಲ್ ಮಿಷನ್ ಎಂಥಾದ್ದು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. 1815ರಲ್ಲಿ ಶುರುವಾದ ಸಂಸ್ಥೆ. ಮೇಲೆ ಕಮಿಟಿ. ಅದರಲ್ಲಿ ಕೂತವರು ಬಾಸೆಲ್ ನಗರದ ಸಿರಿವಂತ ಮನೆತನದವರು, ವ್ಯಾಪಾರಸ್ಥರು, ದೊಡ್ಡ ಪಾದ್ರಿಗಳು. ಕೆಳಗೆ ಮಿಷನರಿಗಳು. ಅವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ಹಳ್ಳಿಗಳ ರೈತರ, ನೇಕಾರರ, ಬಡಿಗೇರರ ಮಕ್ಕಳು. ಮೇಲಿನವರು ಹೇಳಬೇಕು, ಕೆಳಗಿನವರು ಕೇಳಬೇಕು. ಶಾಲೆಯಲ್ಲಿ ಏಳೋದು, ಉಣ್ಣೋದು, ಓದೋದು, ಪ್ರಾರ್ಥನೆ ಎಲ್ಲದಕ್ಕೂ ಗಂಟೆ. ಓದೋ ಹುಡುಗ ಮದುವೆ ಮಾತು ಆಡಿಕೊಳ್ಳುವ ಹಾಗಿಲ್ಲ. ಮಿಷನರಿಯಾಗಿ ಹೊರದೇಶಕ್ಕೆ ಹೋದ ಮೇಲೂ ಮೊದಲ ಕೆಲವು ವರ್ಷ ಮದುವೆ ಇಲ್ಲ, ಆಮೇಲೂ ಕಮಿಟಿ ಒಪ್ಪಬೇಕು, ಹೆಣ್ಣನ್ನೂ ಕಮಿಟಿಯೇ ಒಪ್ಪಬೇಕು. ಎಷ್ಟೋ ಹೆಣ್ಣುಮಕ್ಕಳು ಮುಖ ನೋಡದ ಗಂಡನಿಗಾಗಿ ತಿಂಗಳುಗಟ್ಟಲೆ ಹಡಗಿನಲ್ಲಿ ಬಂದರು. 1853ರಿಂದ ಮಿಷನರಿಗಳ ಮಕ್ಕಳನ್ನು ಓದಿಗೆ ಬಾಸೆಲ್ಲಿಗೇ ಕಳಿಸಬೇಕು ಅಂತ ಆಯಿತು. ಅಷ್ಟು ಸಣ್ಣ ಕೂಸುಗಳನ್ನು ಹಡಗು ಹತ್ತಿಸಿ ಕಳಿಸಿದ ತಾಯಂದಿರ ಸಂಕಟ ಯಾವ ವಾರ್ಷಿಕ ವರದಿಯಲ್ಲಿ ಸರಿಯಾಗಿ ಬಂದೀತು?

ಇನ್ನೊಂದು ಪದ್ಧತಿ ಇತ್ತು. ಜೊತೆಗಿರುವ ಸಹೋದರ ಮಿಷನರಿಯ ತಪ್ಪು ಕಂಡರೆ ಕಮಿಟಿಗೆ ಬರೆದು ತಿಳಿಸಬೇಕು. ಅವನ ಆತ್ಮದ ಹಿತಕ್ಕೆ ಅನ್ನೋದು ಅದಕ್ಕೆ ಕೊಟ್ಟ ಕಾರಣ. ಒಂದೇ ಬಂಗಲೆಯಲ್ಲಿ ಉಂಡು ಮಲಗುವ ಇಬ್ಬರು ಒಬ್ಬರ ಮೇಲೊಬ್ಬರು ಕಾಗದ ಬರೀತಾ ಕೂತರೆ ಆ ಮನೆ ಹೆಂಗಿದ್ದೀತು ಅನ್ನೋದನ್ನ ನೀವೇ ಊಹಿಸಿ.

ಇದೆಲ್ಲ ಬಿಗಿಯಾದದ್ದು ಯೋಸೆಫ್ ಯೋಸೆನ್‌ಹಾನ್ಸ್ ಎಂಬವರ ಕಾಲದಲ್ಲಿ. 1850ರಲ್ಲಿ ಮಿಷನ್ನಿನ ಮುಖ್ಯಸ್ಥರಾದರು, 1851–52ರಲ್ಲಿ ಸ್ವತಃ ಹಿಂದುಸ್ತಾನಕ್ಕೆ ಬಂದು ಇಲ್ಲಿನ ಠಾಣೆಗಳನ್ನು ತಪಾಸಣೆ ಮಾಡಿದರು, ಹೋಗಿ ಕಟ್ಟಳೆಗಳನ್ನು ಬಿಗಿ ಮಾಡಿದರು. ಮರುವರ್ಷವೇ, 1853ರಲ್ಲಿ, 21 ವರ್ಷದ ಕಿಟೆಲ್ ಹುಬ್ಬಳ್ಳಿ ಕಡೆಗೆ ಬಂದರು. ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಅವರ ದಾರಿ ಬೇರೆಯಾಗುತ್ತಿತ್ತೋ ಏನೋ. ಆಗ ಠಾಣೆಗಳು ಕಡಿಮೆ, ಕಾಗದ ಹೋಗಿ ಬರೋದಕ್ಕೆ ತಿಂಗಳುಗಳು ಬೇಕು, ತಲೆ ಓಡಿಸೋದಕ್ಕೆ ಜಾಗ ಇತ್ತು.

ಹಾಗೆ ತಲೆ ಓಡಿಸಿದವರು ಹೆರ್ಮನ್ ಮೋಗ್ಲಿಂಗ್. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ ಅದೇ ಮೋಗ್ಲಿಂಗ್. ಅವರು ಊರ ಹುಡುಗರ ಜೊತೆ ಒಂದೇ ಮನೆಯಲ್ಲಿದ್ದು ಬದುಕಲು ನೋಡಿದವರು. ಅವರಿಗೂ ಬಾಸೆಲ್ಲಿಗೂ ಸರಿಬರದೆ ಕೆಲವು ಕಾಲ ಮಿಷನ್ ಬಿಟ್ಟು ಕೊಡಗಿನಲ್ಲಿ ತಮ್ಮಷ್ಟಕ್ಕೆ ಕೆಲಸ ಮಾಡಿದರು. ಕಿಟೆಲರಿಗೆ ಮಾದರಿ ಇದ್ದರೆ ಅವರೇ. ಆದರೆ ಮೋಗ್ಲಿಂಗರಿಗೆ ಸಿಕ್ಕ ಜಾಗ ಕಿಟೆಲರಿಗೆ ಸಿಗಲಿಲ್ಲ.

ಹುಬ್ಬಳ್ಳಿಯಲ್ಲಿ ಕಿಟೆಲ್ ಮಾಡಿದ್ದು ಬಹಳ ಸರಳ. ಕುದುರೆ ಬೇಡ, ನಡೆದೇ ಹಳ್ಳಿಗೆ ಹೋಗ್ತೀನಿ ಅಂದರು. ಬಂಗಲೆಯಿಂದ ದೂರ, ಜನರ ನಡುವೆ ಇರಬೇಕು ಅಂದರು. ಸಂತ ಪೌಲ ಯೆಹೂದ್ಯರ ಜೊತೆ ಯೆಹೂದ್ಯನಾಗಿ, ಧರ್ಮಶಾಸ್ತ್ರ ಇಲ್ಲದವರ ಜೊತೆ ಅವರಂತೆಯೇ ಆಗಿ ಬದುಕಿದ್ದನಲ್ಲ, ಹಾಗೆ ಕನ್ನಡದವರ ಜೊತೆ ಕನ್ನಡದವನಾಗಿ ಇರಬೇಕು ಅನ್ನೋದು ಅವರ ಹಂಬಲ. ಹಗಲೂ ರಾತ್ರಿ ಕನ್ನಡ ಕಲಿತರು, ಬರೀ ಉಪದೇಶಕ್ಕೆ ಸಾಕಾಗುವಷ್ಟಲ್ಲ, ಹಳೆಗನ್ನಡದ ಬುಡದವರೆಗೆ.

ಇದರಲ್ಲಿ ತಪ್ಪೇನು ಅಂತ ನಮಗೆ ಅನ್ನಿಸಬಹುದು. ಅದರಲ್ಲೂ ನಮ್ಮ ಸೀಮೆಯವರಿಗೆ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮಿಗಳು ಕಿಸೆ ಇಲ್ಲದ ಅಂಗಿ ತೊಟ್ಟು ಓಡಾಡಿದರು, 2018ರಲ್ಲಿ ಪದ್ಮಶ್ರೀ ಕೊಟ್ಟಾಗ ಬ್ಯಾಡ ಅಂದರು. ಅವರು 2023ರ ಜನವರಿಯಲ್ಲಿ ಹೋದಾಗ ವಿಜಯಪುರದಲ್ಲಿ ಸೇರಿದ ಜನ ನೋಡಿದವರಿಗೆ ಗೊತ್ತು, ಈ ಮಣ್ಣು ಎಂಥವರನ್ನು ತಲೆ ಮೇಲೆ ಹೊತ್ತುಕೊಳ್ಳುತ್ತೆ ಅಂತ. ಅದಕ್ಕೂ ಎಂಟುನೂರು ವರ್ಷ ಹಿಂದೆ ಇದೇ ಜಿಲ್ಲೆಯ ಬಾಗೇವಾಡಿಯ ಹುಡುಗ ಜನಿವಾರ ಬೇಡ ಅಂತ ಮನೆ ಬಿಟ್ಟು ಹೊರಟಿದ್ದ. ಬರಿಗೈಲಿ ನಡೆದು ಬರುವವನನ್ನು ಇಲ್ಲಿನ ಜನ ಹುಚ್ಚ ಅನ್ನೋದಿಲ್ಲ, ಕೂಡ್ರಿಸಿ ರೊಟ್ಟಿ ಕೊಡ್ತಾರೆ. ಅಂದರೆ ಕಿಟೆಲ್ ಆರಿಸಿಕೊಂಡ ದಾರಿ ಈ ನೆಲಕ್ಕೆ ಒಗ್ಗುವ ದಾರಿಯೇ ಆಗಿತ್ತು.

ಬಂಗಲೆಗೆ ಒಗ್ಗಲಿಲ್ಲ. ಜೊತೆಯ ಮಿಷನರಿಗಳಿಗೆ ಸಿಟ್ಟು ಬಂತು. ಯಾಕೆ ಅಂತ ಯೋಚಿಸಿದರೆ ಅದೂ ಅರ್ಥವಾಗುತ್ತೆ. ಒಬ್ಬ ನಡೆದು ಹೋದರೆ ಕುದುರೆ ಮೇಲೆ ಹೋಗುವವರೆಲ್ಲ ಪ್ರಶ್ನೆಗೆ ಒಳಗಾಗ್ತಾರೆ. ಆತ ಬಾಯಿ ಬಿಟ್ಟು ಯಾರನ್ನೂ ಟೀಕಿಸಬೇಕಾಗಿಲ್ಲ, ನಡೆಯೋದೇ ಟೀಕೆ. ಜೊತೆಗೆ ಬಿಳಿಯರು ಅಂದರೆ ಹೀಗಿರಬೇಕು ಅನ್ನೋ ಅಂತಸ್ತಿನ ಲೆಕ್ಕವೂ ಇತ್ತು, ದೊರೆಗಳ ಕಾಲ ಅದು. ದೂರು ಬಾಸೆಲ್ಲಿಗೆ ಹೋಯಿತು. ಮೊಂಡ, ಯಾರ ಮಾತೂ ಕೇಳದವ, ತಾನೇ ಸರಿ ಅನ್ನುವವ ಅನ್ನೋ ಹೆಸರು ಅಂಟಿತು. ಅವರ ಸ್ವಭಾವದಲ್ಲಿ ಒರಟುತನ ಇರಲಿಲ್ಲ ಅಂತ ನಾನು ವಾದಿಸಲಾರೆ. ಹಿಡಿದದ್ದು ಬಿಡದ ಆಳು. ಆದರೆ ಯಾವ ಕಟ್ಟಳೆಯ ಸಂಸ್ಥೆಯಲ್ಲೂ ಪ್ರಶ್ನೆಯ ತಿರುಳಿಗೆ ಉತ್ತರ ಕೊಡೋ ಬದಲು ಪ್ರಶ್ನೆ ಕೇಳಿದವನ ಸ್ವಭಾವದ ಬಗ್ಗೆ ಕಾಗದ ಬರೆಯೋದು ಸುಲಭ.

ಇಲ್ಲೊಂದು ವಿಚಿತ್ರ ನೋಡ್ರಿ. ಈ ಮಿಷನ್ ಹುಟ್ಟಿದ್ದು ಲೂಥರನ ಬಳ್ಳಿಯಲ್ಲಿ. ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಲೂಥರ್ 1520ರಲ್ಲೇ ಒಂದು ಪುಸ್ತಕ ಬರೆದಿದ್ದ. ಅವನು ಆತುಕೊಂಡದ್ದು ಪೌಲನ ಪತ್ರಗಳನ್ನು, ಅದರಲ್ಲೂ ಗಲಾತ್ಯದವರಿಗೆ ಬರೆದದ್ದನ್ನು. ಗಲಾತ್ಯದ ಸಭೆಯಲ್ಲಿ ಕೆಲವರು ಹೊಸಬರಿಗೆ ಸುನ್ನತಿ ಆಗಲೇಬೇಕು, ಹಬ್ಬ ದಿನ ಹೀಗೇ ಆಚರಿಸಬೇಕು ಅಂತ ಹಟ ಹಿಡಿದಿದ್ದರು. ಪೌಲ ಅವರ ಮೇಲೆ ಕೆಂಡಕಾರಿದ. ಕೃಪೆಯಿಂದ ಬಂದ ಬಿಡುಗಡೆಯನ್ನು ಮತ್ತೆ ನಿಯಮದ ನೊಗಕ್ಕೆ ಕಟ್ಟಬೇಡಿ ಅನ್ನೋದು ಅವನ ವಾದ. ಇದನ್ನು ಬಾಸೆಲ್ಲಿನ ಹುಡುಗರು ಗ್ರೀಕಿನಲ್ಲೇ ಓದುತ್ತಿದ್ದರು. ಓದಿ ಹೊರಗೆ ಬಂದು ಗಂಟೆ ಬಾರಿಸಿದಾಗ ಸಾಲಾಗಿ ನಿಲ್ಲುತ್ತಿದ್ದರು. ಆದೇಶ ಪಾಲಿಸೋದೇ ಭಕ್ತಿ ಅನ್ನೋ ಕಡೆಗೆ ಅವರ ಮೇಲಿನವರು ಎಂದು ಹೊರಳಿದರೋ ಅವರಿಗೇ ತಿಳಿದಿರಲಾರದು. ಕಟ್ಟಳೆಯನ್ನು ಹೇರಿದವರಲ್ಲಿ ಕೆಟ್ಟವರು ಕಡಿಮೆ. ಯೋಸೆನ್‌ಹಾನ್ಸ್ ಕೂಡ ದೇವರ ಕೆಲಸ ಅಚ್ಚುಕಟ್ಟಾಗಿ ಆಗಲಿ ಅಂತಲೇ ದುಡಿದವರು.

ಕಿಟೆಲರನ್ನು ಹುಬ್ಬಳ್ಳಿ–ಧಾರವಾಡ ಸೀಮೆಯಿಂದ ತೆಗೆದು ಮಂಗಳೂರಿಗೆ ಹಾಕಿದರು. ಹಳ್ಳಿ ತಿರುಗೋ ಕೆಲಸ ಹೋಯಿತು, ಅಚ್ಚುಕೂಟ, ಪುಸ್ತಕ, ಪಾಠ ಬಂತು. ಅವರು ಮಿಷನ್ ಬಿಡಲಿಲ್ಲ, ತಲೆಬಾಗಿದರು. ಇದನ್ನು ಸೋಲು ಅನ್ನಬೇಕೋ ತಾಳ್ಮೆ ಅನ್ನಬೇಕೋ, ನನಗೆ ಒಂದೇ ಮಾತಲ್ಲಿ ಹೇಳೋಕೆ ಆಗದು. ಕೈಗೆ ಸಿಕ್ಕ ಕೆಲಸದೊಳಗೇ ತಮ್ಮ ದಾರಿ ಮಾಡಿಕೊಂಡರು ಅನ್ನೋದಂತೂ ನಿಜ. 1862ರಲ್ಲಿ ಬಂದ ಅವರ ಕಥಾಮಾಲೆಯಲ್ಲಿ ಯೇಸುವಿನ ಬದುಕು ಈ ನೆಲದ ಪದ್ಯದ ಮಟ್ಟಿನಲ್ಲಿ, ಹಾಡಿಕೊಳ್ಳೋ ಹಾಗೆ ಬಂತು. ಆ ಕಾಲದ ಸಭೆಗಳಲ್ಲಿ ಹಾಡುತ್ತಿದ್ದದ್ದು ಹೆಚ್ಚಾಗಿ ಜರ್ಮನ್ ರಾಗಕ್ಕೆ ಹೊಂದಿಸಿದ ಕನ್ನಡ. ಇವತ್ತೂ ನಮ್ಮ ಹಳೇ ಚರ್ಚುಗಳಲ್ಲಿ ಆ ರಾಗಗಳು ಉಳಿದಿವೆ. ನನಗೆ ಅವು ಇಷ್ಟವೇ, ಸಣ್ಣಂದಿನಿಂದ ಕೇಳಿದ್ದು. ಆದರೆ ಡೊಳ್ಳಿನ, ಭಜನೆಯ ಊರಲ್ಲಿ ಯೇಸುವಿನ ಕತೆಗೆ ಊರ ಮಟ್ಟು ಇರಲಿ ಅಂತ ಅಂದೇ ಒಬ್ಬ ಜರ್ಮನ್ನನಿಗೆ ಹೊಳೆದಿತ್ತು ಅನ್ನೋದು ಸಣ್ಣ ಮಾತಲ್ಲ.

ಮದುವೆ ಆದದ್ದು 1860ರಲ್ಲಿ, ಪೌಲೀನೆ ಐತ್ ಅವರ ಜೊತೆ. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿ ಅವರನ್ನು ಮದುವೆಯಾದರು. ನಮ್ಮ ಕಡೆ ಅಕ್ಕ ಹೋದರೆ ಮಕ್ಕಳ ಮಾರಿ ನೋಡಿ ತಂಗೀನ್ನ ಕೊಡೋದು ಹೊಸದೇನಲ್ಲ. ಆದರೆ ಅದೇ ಕಾಲದ ಇಂಗ್ಲೆಂಡಿನಲ್ಲಿ ತೀರಿಕೊಂಡ ಹೆಂಡತಿಯ ತಂಗಿಯನ್ನು ಮದುವೆಯಾಗೋದು ಕಾನೂನಿಗೇ ವಿರುದ್ಧ, 1907ರವರೆಗೂ. ಒಂದೇ ಬೈಬಲ್ ಓದುವ ಎರಡು ದೇಶ. ಒಂದರಲ್ಲಿ ಪಾಪ, ಇನ್ನೊಂದರಲ್ಲಿ ಆಶೀರ್ವಾದ. ಕಟ್ಟಳೆಗಳು ಆಕಾಶದಿಂದ ಇಳಿದವು ಅಂತ ಹೇಳುವವರ ಎದುರು ಈ ಸಂಗತಿ ಇಡಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ.

ಮಂಗಳೂರು, ಮಡಿಕೇರಿ ಅಂತ ಸುತ್ತುತ್ತ ಕಿಟೆಲ್ ಹಳೆಗನ್ನಡದ ಓಲೆಗರಿಗಳಲ್ಲಿ ಮುಳುಗಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅಚ್ಚಾದವು. ಕೇಶಿರಾಜ ಜೈನ. ಕ್ರಿಸ್ತನ ಸೇವೆಗೆ ಅಂತ ಕಳಿಸಿದ ಆಳು ಜೈನ ವೈಯಾಕರಣನ ಜೊತೆ ವರ್ಷಗಟ್ಟಲೆ ಕೂತಿದ್ದಾನೆ. ಕಮಿಟಿಯ ಲೆಕ್ಕದಲ್ಲಿ ವಿದ್ಯೆ ಸುವಾರ್ತೆಯ ಕೈಯಾಳು, ಅದಕ್ಕಿಂತ ಹೆಚ್ಚಿನದಲ್ಲ. ಆದರೂ ಮಿಷನ್ನೇ ನಿಘಂಟಿನ ಕೆಲಸ ಅವರಿಗೆ ವಹಿಸಿತು, ದುಡ್ಡು ಹಾಕಿತು, ತನ್ನ ಅಚ್ಚುಕೂಟದಲ್ಲೇ ಅಚ್ಚು ಮಾಡಿತು. ಇದನ್ನೂ ಹೇಳಬೇಕು. ಹಿಡಿತ ಇಟ್ಟ ಕೈಯೇ ಅನ್ನವನ್ನೂ ಹಾಕಿತು. 1877ರಲ್ಲಿ ಜರ್ಮನಿಗೆ ಹೋಗಿ, ಮತ್ತೆ ನಿಘಂಟಿಗಾಗಿಯೇ ಬಂದು, 1892ರಲ್ಲಿ ಕೊನೆಯ ಸಲ ಈ ನಾಡು ಬಿಟ್ಟರು. 1894ರಲ್ಲಿ ನಿಘಂಟು ಹೊರಬಂತು. ಸಾವಿರದ ಏಳುನೂರಕ್ಕೂ ಮಿಕ್ಕಿದ ಪುಟ, ಸುಮಾರು 70,000 ಪದ.

ಆ ನಿಘಂಟಿನಲ್ಲಿ ನಾನು ಹುಡುಕೋದು ನಮ್ಮ ಕಡೆಯ ಮಾತುಗಳನ್ನ. ಕೆಲವು ಪದಗಳ ಮುಂದೆ ಅದು ಮೈಸೂರಿನ ಬಳಕೆ ಅಂತ ಗುರುತು, ಕೆಲವಕ್ಕೆ ದಕ್ಷಿಣ ಮರಾಠಾ ಸೀಮೆಯದು ಅಂತ ಗುರುತು. ನಾವು ಆ ಎರಡನೇ ಗುರುತಿನವರು. ಶಿಷ್ಟ ಕನ್ನಡದ ಮೇಷ್ಟ್ರು ತಿದ್ದಿದ ಮಾತನ್ನು ಕಿಟೆಲ್ ತಿದ್ದಲಿಲ್ಲ, ಬರೆದುಕೊಂಡರು. ಪಂಪನ ಕಾಲದ ಪದದ ಪಕ್ಕ ಒಕ್ಕಲಿಗನ ಕೂರಿಗೆ, ಗಾದೆ, ಬೈಗುಳ, ಶರಣರ ಪುರಾಣದ ಮಾತು, ವೈದಿಕರ ಮಾತು ಎಲ್ಲವೂ ಬಂದಿವೆ. ಅವರ ಸಭೆಯಲ್ಲಿ ಯಾರು ಒಳಗೆ ಯಾರು ಹೊರಗೆ ಅನ್ನೋ ಪಟ್ಟಿ ಇತ್ತು, ನಿಘಂಟಿನಲ್ಲಿ ಇರಲಿಲ್ಲ. ಹುಬ್ಬಳ್ಳಿಯಲ್ಲಿ ನಡೆದು ಕೇಳಿಸಿಕೊಂಡದ್ದನ್ನು ಅವರು ಮರೆತಿರಲಿಲ್ಲ ಅಂತ ನನ್ನ ನಂಬಿಕೆ.

ಹಾಗಂತ ಅವರನ್ನು ಪೂರ್ತಿ ನಮ್ಮವರು ಮಾಡಿಕೊಳ್ಳೋದು ಬೇಡ. 1876ರಲ್ಲಿ ಲಿಂಗಪೂಜೆಯ ಮೂಲದ ಬಗ್ಗೆ ಜರ್ಮನ್ ಭಾಷೆಯಲ್ಲಿ ಅವರು ಬರೆದರು, ಯಜ್ಞದ ಬಗ್ಗೆ ಕನ್ನಡದಲ್ಲಿ ಬರೆದರು. ಇಲ್ಲಿನ ಪೂಜೆಯನ್ನು ಬಿಡಿಸಬೇಕು ಅನ್ನೋ ಗುರಿ ಅವರು ಎಂದೂ ಬಿಟ್ಟವರಲ್ಲ. ಅದಕ್ಕಿಂತ ನನಗೆ ನೋಯೋದು ಇನ್ನೊಂದು. ತಮಗಾಗಿ ಕಿಟೆಲ್ ಕೇಳಿದ ಸ್ವಾತಂತ್ರ್ಯ ಊರ ಕ್ರೈಸ್ತರಿಗೆ ಇರಲಿಲ್ಲ. ಮಿಷನ್ ಸೇರಿದವರನ್ನು ಜಾತಿ, ಬಂಧುಬಳಗ ಹೊರಗಿಟ್ಟಿತ್ತು. ಅವರಿಗೆ ಮಿಷನ್ನೇ ಮನೆ, ಮಿಷನ್ನೇ ಕೆಲಸ. ಮಗ್ಗದ ಕಾರ್ಖಾನೆ, 1865ರಿಂದ ಮಂಗಳೂರು ಹೆಂಚಿನ ಕಾರ್ಖಾನೆ ಶುರುವಾದದ್ದು ಅವರಿಗೆ ಅನ್ನ ಕೊಡೋದಕ್ಕೇ. ಅದರ ಜೊತೆಗೇ ಸಭೆಯ ಶಿಸ್ತು. ಕುಡಿದರೆ, ಹಬ್ಬಕ್ಕೆ ಹೋದರೆ, ಹೊರಗೆ ಸಂಬಂಧ ಬೆಳೆಸಿದರೆ ಕರ್ತನ ಭೋಜನ ಬಂದ್. ಕೂಲಿ ಕೊಡುವವರೂ, ಪಾಪ ಅಳೆಯುವವರೂ ಒಂದೇ ಸಂಸ್ಥೆಯ ಜನ ಆದಾಗ ಆಳು ಬಾಯಿ ಬಿಡೋದು ಹೆಂಗ? ಹೆರ್ಮನ್ ಆನಂದರಾವ್ ಕೌಂಡಿನ್ಯರಂತೆ ಬಾಸೆಲ್ಲಿಗೇ ಹೋಗಿ ಓದಿ ಮಿಷನರಿ ಆದ ಭಾರತೀಯರು ಬೆರಳೆಣಿಕೆಯಷ್ಟು. ಉಳಿದವರು ಬಹುಪಾಲು ಕೇಳುವ ಕಡೆಯಲ್ಲೇ ಉಳಿದರು.

1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂತು. ಬಾಸೆಲ್ ಮಿಷನ್ ಇಲ್ಲಿ ಠಾಣೆ ಹಾಕಿದ್ದೂ ಅದೇ ಸುಮಾರಿಗೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರನ್ನು ಬ್ರಿಟಿಷರು ಹೊರಗೆ ಹಾಕಿದ ಮೇಲೆ ಮಿಷನ್ನಿನ ಹಿಡಿತ ಹೋಯಿತು, ಆ ಸಭೆಗಳು ಮುಂದೆ ಸಿ.ಎಸ್.ಐ. ಸೇರಿದವು. ಹೋದದ್ದು ಬಾಸೆಲ್ಲಿನ ಕೈ. ಆ ಅಭ್ಯಾಸ ಬೇರೆ ಬೇರೆ ಕೈಗಳಿಗೆ ಹೋಯಿತು ಅಷ್ಟೇ.

ತಿಕೋಟಾ ಕಡೆ ದ್ರಾಕ್ಷಿ ಪಡದಲ್ಲಿ ಕೆಲಸಕ್ಕೆ ಹೋಗುವ ನಮ್ಮ ದೂರದ ಸಂಬಂಧಿ ಒಬ್ಬ ಹೆಣ್ಣುಮಗಳು ಕೆಲವು ವರ್ಷದ ಹಿಂದೆ ಒಂದು ಸಣ್ಣ ಪ್ರಾರ್ಥನಾ ಕೂಟ ಸೇರಿದಳು. ಕುಡಿಯೋ ಗಂಡನಿಂದ ನೊಂದವಳು. ಅಲ್ಲಿ ಮೊದಲ ಸಲ ತನ್ನನ್ನು ಯಾರೋ ಮನುಷ್ಯಳು ಅಂತ ಕಂಡರು ಅಂತ ಹೇಳ್ತಿದ್ದಳು. ಮುಂದೆ ಒಂದೊಂದೇ ಶುರುವಾಯಿತು. ಬಳಿ ಬ್ಯಾಡ, ಹೂವು ಬ್ಯಾಡ. ಕಾರಹುಣ್ಣಿವಿಗೆ ತವರಿಗೆ ಹೋದರೆ ಹೋಳಿಗೆ ಮುಟ್ಟಬ್ಯಾಡ. ಮಗನಿಗೆ ಹೆಣ್ಣು ನೋಡೋದಕ್ಕೂ ಅಲ್ಲಿನವರ ಅಪ್ಪಣೆ. ಒಂದು ಭಾನುವಾರ ತಪ್ಪಿದರೆ ಎಲ್ಲರ ಮುಂದೆ ನಿಲ್ಲಿಸಿ ಕೇಳ್ತಾರೆ. ಆಕೆಗೆ ಯೇಸು ಬೇಕು, ಅವರ ಕಾವಲು ಬೇಡ. ಎರಡನ್ನೂ ಬೇರೆ ಮಾಡಿ ನೋಡೋದಕ್ಕೆ ಯಾರೂ ಕಲಿಸಿಲ್ಲ. ಯಕ್ಕಾ, ಹೋಳಿಗಿ ತಿಂದ್ರ ಯೇಸು ಬಿಟ್ಟು ಹೋಗ್ತಾನೇನು ಅಂತ ನಾನು ಕೇಳಿದರೆ ನಗ್ತಾಳೆ, ಆದರೆ ತಿನ್ನೋದಿಲ್ಲ.

ಇದನ್ನು ಬರೆಯೋದು ಸುಲಭವಲ್ಲ. ಮತಾಂತರ ತಡೆಯೋ ಹೆಸರಿನಲ್ಲಿ 2022ರಲ್ಲಿ ಬಂದ ಕಾಯ್ದೆಯ ಹೆಸರೇ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ. ಯಾವ ದೇವರನ್ನು ನಂಬ್ತೀನಿ ಅಂತ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು, ಆಕ್ಷೇಪಣೆಗೆ ನೋಟಿಸು ಹಚ್ಚಬೇಕು ಅನ್ನೋ ಕಟ್ಟಳೆ ಅದರಲ್ಲಿದೆ. ಅದನ್ನು ರದ್ದು ಮಾಡೋದು ಅಂತ 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಹೊರಗಿನಿಂದ ಇಂಥ ಒತ್ತಡ ಇರುವಾಗ ಒಳಗಿನ ಹಿಡಿತದ ಬಗ್ಗೆ ಮಾತಾಡಿದರೆ ನಮ್ಮವರೇ ದ್ರೋಹಿ ಅಂತಾರೆ. ಎದುರಿನವರು ಅದೇ ಮಾತನ್ನು ಕಲ್ಲು ಮಾಡಿ ನಮ್ಮ ಮೇಲೇ ಒಗೀತಾರೆ. ಹಂಗಾಗಿ ಬಹಳ ಮಂದಿ ಸುಮ್ಮನಿರ್ತಾರೆ, ಆ ಮೌನದಲ್ಲಿ ಸಣ್ಣ ಸಣ್ಣ ಯೋಸೆನ್‌ಹಾನ್ಸರು ಬೆಳೀತಾರೆ. ಅವರಷ್ಟು ಓದಿದವರೂ ಅಲ್ಲ, ಅವರಿಗಿದ್ದಂತೆ ಮೇಲೆ ಕಮಿಟಿಯೂ ಇಲ್ಲ, ಲೆಕ್ಕ ಕೇಳುವವರೂ ಇಲ್ಲ.

ಕಿಟೆಲರಿಗೆ 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, ನಿಘಂಟಿನ ಕೆಲಸಕ್ಕೆ. ಅಲ್ಲಿಗೂ ಅವರು ಸುಮ್ಮನೆ ಕೂರಲಿಲ್ಲ, ಕನ್ನಡ ವ್ಯಾಕರಣ ಬರೆಯುತ್ತ ಕೂತರು. ಅದು 1903ರಲ್ಲಿ ಅಚ್ಚಾಯಿತು. ಅದೇ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ವಯಸ್ಸು 71. ಸಮಾಧಿಯೂ ಅಲ್ಲೇ ಇದೆ, ಹುಬ್ಬಳ್ಳಿಯಿಂದ ಬಹಳ ದೂರ.